‘ಟ್ಯಾಂಕ್’ ಶಬ್ದದ ಅರ್ಥವಿಸ್ತಾರವೂ ಹಾನಗಲ್ಲು ಸೀಮೆಯ ಜಲಾಶಯಗಳೂ

ನಮ್ಮ ಶಾಸನಗಳ ಇಂಗ್ಲಿಷ್ ಸಂಗ್ರಹಗಳನ್ನು ಓದುವವರಿಗೆ ‘ಟ್ಯಾಂಕ್’ ಎಂಬ ಶಬ್ದವು ಅತಿಪರಿಚಿತವಾದುದು. ಮೂಲದಲ್ಲಿ ಕೆರೆಯೆಂದಿದ್ದರೂ ಟ್ಯಾಂಕ್, ಕಟ್ಟೆಯೆಂದಿದ್ದರೂ ಟ್ಯಾಂಕ್, ಕೊಳ, ಹೊಂಡ, ಪುಷ್ಕರಿಣಿಗಳಿಗೂ ಬಹುಮಟ್ಟಿಗೆ ಅದೇ ಹೆಸರು. ಆಮೇಲೆ ಆ ಸಂಗ್ರಹಗಳನ್ನೇ ಆಧಾರವಾಗಿ ಹಿಡಿದು ಕನ್ನಡದಲ್ಲಿ ಚರಿತ್ರೆಯನ್ನು ಬರೆಯುವವರು ಎಲ್ಲವನ್ನೂ ‘ಕೆರೆ’ಯೆಂದು ತಿರುಗಿಸಿಬಿಡುತ್ತಾರೆ. ಹೀಗೆ ಎರಡು ಸಲ ಭಾಷಾಂತರಗೊಂಡ ವಸ್ತುವು ತನ್ನ ರೂಪವನ್ನೇ ಕಳೆದುಕೊಳ್ಳುತ್ತದೆ. ಇದರಿಂದ ಚರಿತ್ರೆಗೆ ಒದಗುವ ಹಾನಿಯನ್ನು ಹಾನಗಲ್ಲು, ಹಿರೇಕೆರೂರು, ಸವಣೂರು, ಶಿಗ್ಗಾಂವಿ ಸೀಮೆಗಳ ಉದಾಹರಣೆಗಳಿಂದ ವಿಚಾರಿಸುವುದು ಈ ಲೇಖನದ ಉದ್ದೇಶ. ಹಿಂದೆ ಧಾರವಾಡ ಜಿಲ್ಲೆಗೆ ಸೇರಿದ್ದ ಈ ಸೀಮೆಗಳು 1997ರಿಂದ ಹಾವೇರಿ ಜಿಲ್ಲೆಯಲ್ಲಿವೆ.

ಮೊದಲು ಶಬ್ದದ ಕುಲವನ್ನು ನೋಡೋಣ. ಯೂಲ್ ಮತ್ತು ಬರ್ನೆಲ್ ಎಂಬವರು 1886ರಲ್ಲಿ ಪ್ರಕಟಿಸಿದ ‘ಹಾಬ್ಸನ್-ಜಾಬ್ಸನ್’ ಕೋಶದಲ್ಲಿ ಇದರ ಚರ್ಚೆಯಿದೆ. ಪೋರ್ತುಗೀಜರ ‘ತಾಂಕೆ’ ಎಂಬ ಶಬ್ದವನ್ನು ನಿಂತ ನೀರೆಂಬ ಅರ್ಥದ ಲ್ಯಾಟಿನ್ ‘ಸ್ಟ್ಯಾಗ್ನಂ’ ಶಬ್ದದಿಂದ ಬಂದುದೆಂದು ಹೇಳುವರು. ಗುಜರಾತಿ ಮರಾಠಿಗಳಲ್ಲಿಯೂ ನೀರಿನ ತೊಟ್ಟಿಯೆಂಬ ಅರ್ಥದಲ್ಲಿ ‘ಟಾಂಕೆ’, ‘ಟಾಕೆ’ ಎಂಬ ರೂಪಗಳುಂಟು. ಎರಡು ಹಳ್ಳಗಳು ಕೂಡಿ ಒಂದು ಹೊಳೆಯಾದಂತೆ ಇವೆರಡೂ ಇಂಗ್ಲಿಷಿನಲ್ಲಿ ಬೆರೆತವೆಂದು ಭಾವಿಸುವುದೇ ಯುಕ್ತವೆಂದು ನಮಗೆ ತೋರುತ್ತದೆ. ಹಿಂದೂದೇಶದ ಇಂಗ್ಲಿಷಿನಲ್ಲಿ ಏರಿ ಕಟ್ಟಿದ ಕೆರೆಯನ್ನು ಹೇಳುತ್ತಿದ್ದ ಈ ಶಬ್ದವು ಆ ಜನರ ಸ್ವದೇಶದಲ್ಲಿ ಲೋಹದ ನೀರ್ತೊಟ್ಟಿಯನ್ನು ಬೋಧಿಸಿತು. ಮೊದಲನೆಯ ಮಹಾಯುದ್ಧದಲ್ಲಿ ಒಂದು ಹೊಸ ಯುದ್ಧರಥದ ಗುಟ್ಟನ್ನು ಕಾಪಾಡುವುದಕ್ಕಾಗಿ, ನೀರು ಸಾಗಿಸುವ ತೊಟ್ಟಿಯೆಂಬ ನೆಪದಿಂದ ಅದಕ್ಕೂ ಇದೇ ಹೆಸರನ್ನಿಟ್ಟರು. 1916ರ ಸೆಪ್ಟೆಂಬರದಲ್ಲಿ ಸೊಮ್ ರಣಾಂಗಣದಲ್ಲಿ ಅದು ಕಾಣಿಸಿಕೊಂಡಿತು. ನೀರಿನ ಮಾತು ಬೆಂಕಿಯನ್ನು ಉಗುಳುವ ಯಂತ್ರಕ್ಕೆ ಹೆಸರಾದುದು ವಿನೋದವೇ ಸರಿ! ನಮ್ಮ ಮನೆಗಳ ಮೇಲಿನ ‘ಟಾಕಿ’ಯಲ್ಲಿ ಮಾತ್ರ ಅದಕ್ಕೆ ಮತ್ತೆ ನೀರು ದೊರೆತಿದೆ.

ಸಂಸ್ಕೃತ ಕೋಶಕಾರರು ಈ ವಿಷಯದಲ್ಲಿ ಬಹಳ ಎಚ್ಚರಿಕೆಯವರು. ಅಮರಸಿಂಹನು ವಾರಿವರ್ಗದಲ್ಲಿ ಪದ್ಮಾಕರ, ತಡಾಗ, ಕಾಸಾರ, ಸರಸ್ಸುಗಳನ್ನು ಒಂದೆಡೆಯಲ್ಲಿಟ್ಟು, ವೇಶಂತ ಪಲ್ವಲಗಳನ್ನು ಅಲ್ಪಸರಸ್ಸೆಂದು ಬೇರ್ಪಡಿಸಿದ್ದಾನೆ. ವಾಪಿಯನ್ನು ದೀರ್ಘಿಕೆಯೊಡನೆ ಸೇರಿಸಿದ್ದಾನೆ. ಬಾವಿಯ ಮಗ್ಗುಲಲ್ಲಿ ದನಗಳು ಕುಡಿಯುವ ನೀರಿನ ತಾಣಕ್ಕೆ ಸಹ ‘ಆಹಾವ’ವೆಂಬ ಪ್ರತ್ಯೇಕ ನಾಮವುಂಟು.

ಕನ್ನಡದ ಭೇದಗಳಾದರೋ ಒಕ್ಕಲುತನದಿಂದ ಹುಟ್ಟಿದವು. ಕೆರೆಯೆಂದರೆ ಹರಿದುಬರುವ ನೀರಿಗೆ ಅಡ್ಡವಾಗಿ ಏರಿ ಹಾಕಿ ನಿಲ್ಲಿಸಿದ್ದು. ಅದಕ್ಕೆ ತೂಬಿರಬೇಕು, ಕೋಡಿಯಿರಬೇಕು, ಕೆಳಗೆ ಅಚ್ಚುಕಟ್ಟಿನ ಗದ್ದೆಯಿರಬೇಕು. ಹೊಂಡವು ಅಗೆದುದು, ಪುಷ್ಕರಿಣಿಯು ಸೋಪಾನಗಳಿಂದ ಕೂಡಿ ಸ್ನಾನಕ್ಕೂ ದೇವಕಾರ್ಯಕ್ಕೂ ಸಲ್ಲುವುದು. ಕುಂಟೆಯೆಂಬ ಮಾತು ಬೇರೆ ಕಡೆಗಳಲ್ಲಿ ಸಣ್ಣ ನೀರ್ಗುಂಡಿಗೆ ಹೆಸರಾದರೂ ಧಾರವಾಡದ ಕಡೆಯ ಒಕ್ಕಲಿಗನಿಗೆ ಹೊಲ ಹರಗುವ ಸಾಧನವೇ ಮೊದಲು ನೆನಪಿಗೆ ಬರುವುದು. ಈ ಭೇದಗಳು ಕೇವಲ ಶಬ್ದಚಮತ್ಕಾರವಲ್ಲ. ಶಾಸನಗಳಲ್ಲಿ ಬರುವ ‘ಬಿತ್ತುವಟ್ಟ’ವು ಕೆರೆಯ ಕಟ್ಟಣೆ ದುರಸ್ತಿಗಳಿಗಾಗಿ ಬಿಟ್ಟ ಭೂಮಿ ಅಥವಾ ಬೆಳೆಯ ಪಾಲು. ಅಲ್ಲಿರುವುದು ನೀರಾವರಿಯ ಕೆರೆಯೋ ಗುಡಿಯ ಮುಂದಿನ ಕೊಳವೋ ತಿಳಿಯದಿದ್ದರೆ, ಯಾರ ಗದ್ದೆಗೆ ನೀರು ಹರಿಯಿತು, ಯಾರು ಯಾವುದಕ್ಕಾಗಿ ಪಾಲು ಕೊಟ್ಟರು ಎಂಬುದೂ ತಿಳಿಯದು.

ಶಾಸನಗಳ ಪಾನುಂಗಲ್ಲೇ ಈಗಿನ ಹಾನಗಲ್ಲು. ಕದಂಬ ಕಾಮದೇವನ ಆಳಿಕೆಯಲ್ಲಿ, 1196ರಲ್ಲಿ, ಹೊಯ್ಸಳ ವೀರಬಲ್ಲಾಳನು ಬಂದು ಊರಿನ ಪಡುವಣ ಆನೆಕೆರೆಯಲ್ಲಿ ಬೀಡುಬಿಟ್ಟು ಕೋಟೆಗೆ ಮುತ್ತಿಗೆ ಹಾಕಿದನೆಂದು ಅಲ್ಲಿಯ ವೀರಗಲ್ಲಿನ ಶಾಸನದಿಂದ ತಿಳಿಯುತ್ತದೆ. ಆ ಸಲ ಹೊಯ್ಸಳರು ಹಿಮ್ಮೆಟ್ಟಬೇಕಾಯಿತು. ಕಾಮದೇವನ ಸೇನಾಪತಿ ಸೋಹಣಿಯು ಕಾಳಗದಲ್ಲಿ ಮಡಿದನು. ಇಲ್ಲಿ ‘ಆನೆಕೆರೆ’ಯೆಂಬ ಹೆಸರು ಇಂಗ್ಲಿಷಿನಲ್ಲಿಯೂ ಉಳಿದುದರಿಂದ ಅರ್ಥವೂ ಉಳಿಯಿತು. ಬರಿಯ ‘ಟ್ಯಾಂಕ್’ ಎಂದಿದ್ದರೆ ದೇವಾಲಯದ ಪುಷ್ಕರಿಣಿಯನ್ನೂ ಊಹಿಸಬಹುದಾಗಿತ್ತು. ಆನೆ ಕುದುರೆಗಳಿಂದ ಕೂಡಿದ ದಂಡಿಗೆ ನೀರು ಒದಗಿಸಲು ವಿಸ್ತಾರವಾದ ಕೆರೆಯೇ ಬೇಕು. ಬಲ್ಲಾಳನು ಬೀಡಿಗೆ ಆ ಸ್ಥಳವನ್ನು ಆರಿಸಿದುದರ ಕಾರಣವು ‘ಕೆರೆ’ಯೆಂಬ ಎರಡಕ್ಷರಗಳಲ್ಲಿಯೇ ಇದೆ.

ಹಿರೇಕೆರೂರಿನ ಹೆಸರಿನಲ್ಲಿಯೇ ಹಿರಿಯ ಕೆರೆಯಿದೆ. 1884ರ ಮುಂಬಯಿ ಗೆಜೆಟಿಯರಿನಲ್ಲಿ ಈ ತಾಲೂಕಿಗೆ ‘ಕೋಡ’ವೆಂದು ಹೆಸರು. ಈ ಸೀಮೆಯ ಮಾಸೂರಿನ ಬಳಿ ಕುಮುದ್ವತಿಯು ಗುಡ್ಡಗಳ ನಡುವೆ ಹಾಯುವಲ್ಲಿ ವಿಜಯನಗರದ ಕಾಲದ್ದೆಂದು ಹೇಳಲಾಗುವ ಮದಗದ ಕೆರೆಯಿದೆ. ಆಂಗ್ಲರು ‘ಮದಗ’ವನ್ನು ಅಂಕಿತನಾಮವೆಂದು ಗ್ರಹಿಸಿ ಅದಕ್ಕೆ ‘ಟ್ಯಾಂಕ್’ ಎಂದು ಜೋಡಿಸಿದರು. ಆದರೆ ತಮಿಳಿನಲ್ಲಿ ‘ಮದಗು’ ಎಂದರೆ ತೂಬು. ತುಳುವಿನಲ್ಲಿ ‘ಮದಕ’ವೆಂದರೆ ನೀರು ನಿಂತ ಕೆರೆಯೇ. ನೀರನ್ನು ಬಿಡುವ ಬಾಯಿಯ ಹೆಸರು ನೀರು ನಿಲ್ಲುವ ತಾಣಕ್ಕೆ ಸಂದಿತೆಂದು ನಮ್ಮ ಊಹೆ. ಹಾಗಾದರೆ ‘ಮದಗದ ಕೆರೆ’ಯೆಂಬುದು ತೂಬಿನಿಂದ ಪ್ರಸಿದ್ಧವಾದ ಕೆರೆಯಾಗುತ್ತದೆ, ಕಟ್ಟಿದವರ ಕೌಶಲಕ್ಕೆ ಹೆಸರೇ ಸಾಕ್ಷಿಯಾಗುತ್ತದೆ.

ಸವಣೂರಿನದು ಮತ್ತೊಂದು ದಾರಿ. 1948ರವರೆಗೆ ನವಾಬರ ಸಂಸ್ಥಾನವಾಗಿದ್ದ ಆ ಊರಿನ ಜಲಾಶಯಕ್ಕೆ ಮೋತಿ ತಲಾಬವೆಂದು ಹೆಸರು; ಮೋತಿಯೆಂದರೆ ಮುತ್ತು. ಪಂಡಿತರು ಇದನ್ನು ಯಾವನಶಬ್ದವೆಂದು ದೂರವಿಡಬೇಕಾದುದಿಲ್ಲ. ಅಮರನ ‘ತಡಾಗ’ವೇ ದೇಶಭಾಷೆಗಳಲ್ಲಿ ‘ತಲಾವ’ವಾಗಿ, ನೀರೆಂಬ ಅರ್ಥದ ಪಾರಸಿ ‘ಆಬ್’ ಶಬ್ದದ ಸಾಮ್ಯದಿಂದ ‘ತಲಾಬ’ವಾಯಿತು. ವೇಷ ಬದಲಿಸಿ ಬಂದ ನೆಂಟನಿವನು.

ಶಿಗ್ಗಾಂವಿ ಸೀಮೆಯಲ್ಲಿ ಗಂಗಿಭಾವಿಯೆಂಬ ಊರಿದೆ, ಹಿರೇಮಣಕಟ್ಟಿಯೆಂಬ ಊರೂ ಇದೆ. ಮೊದಲನೆಯದರಲ್ಲಿ ಸಂಸ್ಕೃತದ ವಾಪಿಯು ಬಾವಿಯಾಗಿ ಸ್ಪಷ್ಟವಾಗಿಯೇ ಕಾಣುತ್ತದೆ. ಎರಡನೆಯದರ ‘ಕಟ್ಟಿ’ಯು ಈ ಭಾಗದ ಉಚ್ಚಾರಣೆಯಂತೆ ‘ಕಟ್ಟೆ’ಯೇ ಇರಬೇಕು. ಆದರೆ ಕಟ್ಟೆಯು ನೀರಿನ ಒಡ್ಡೂ ಆಗಬಹುದು, ಮರದ ಸುತ್ತಲಿನ ಜಗುಲಿಯೂ ಆಗಬಹುದು. ಇದನ್ನು ಕೋಶದಿಂದ ನಿರ್ಣಯಿಸುವಂತಿಲ್ಲ. ಊರಿನ ನೆಲದ ಇಳಿಜಾರನ್ನೂ ಹಳೆಯ ಒಡ್ಡಿನ ಗುರುತುಗಳನ್ನೂ ನೋಡಿ, ಹೊಲಗಳ ಹೆಸರುಗಳನ್ನು ಅಲ್ಲಿಯ ಹಿರಿಯರಿಂದ ಕೇಳಿ ಬರೆದುಕೊಂಡೇ ನಿರ್ಣಯಿಸತಕ್ಕದ್ದು.