ರಾತ್ರಿ ಪಾಳಿಯ ಆಳು

ನಮ್ಮ ಸಂಘದ ಮನೆಗಳಲ್ಲಿ ಕಂಪ್ಯೂಟರ್ ಕೆಲಸದವರಿಗೆ ಬರವಿಲ್ಲ. ಊರೆಲ್ಲ ಮಲಗಿದಾಗ ತಾನೇ ಎದ್ದು ದುಡಿಯುವ ಯೂನಿಕ್ಸ್‌ನ ‘ಕ್ರಾನ್’ ಅವರಿಗೆಲ್ಲ ಪರಿಚಿತ ಆಳು. ಕಾಲ ಎಂಬ ಅರ್ಥದ ಗ್ರೀಕ್ ಪದದಿಂದ ಬಂದ ಹೆಸರಿದು.

1979ರಲ್ಲಿ ಅಮೆರಿಕದ ಬೆಲ್ ಲ್ಯಾಬ್ಸ್ ಹೊರತಂದ ಯೂನಿಕ್ಸ್‌ನ ಏಳನೆಯ ಆವೃತ್ತಿಯಲ್ಲಿ ಕ್ರಾನ್ ನಿಮಿಷಕ್ಕೊಮ್ಮೆ ಎದ್ದು, ಇದ್ದ ಒಂದೇ ಪಟ್ಟಿಯನ್ನು ನೋಡಿ, ಹೊತ್ತಿಗೆ ಸರಿಯಾಗಿ ಕೆಲಸ ಮುಗಿಸುತ್ತಿತ್ತು. ಆದರೆ ಅದರೆದುರು ಪರದೆಯಿಲ್ಲ. ಏನಾಯಿತೆಂದು ತಿಳಿಯಬೇಕಾದವರು ಫಲಿತಾಂಶವನ್ನೂ ದೋಷದ ಸಂದೇಶವನ್ನೂ ಫೈಲಿಗೆ ತಿರುಗಿಸಿಡಬೇಕಿತ್ತು. ಎರಡನ್ನೂ ಒಂದೇ ಫೈಲಿಗೆ ಹರಿಸುವ ಅನುಕೂಲ ಅದೇ ಆವೃತ್ತಿಯ ಬೋರ್ನ್ ಶೆಲ್‌ನಲ್ಲಿತ್ತು.

1980ರ ದಶಕದ ಸಿಸ್ಟಮ್ 5 ಯೂನಿಕ್ಸ್‌ನಲ್ಲಿ ಒಬ್ಬೊಬ್ಬರಿಗೂ ಬೇರೆ ಪಟ್ಟಿ ಬಂತು. ಹಾಗೆ ತಿರುಗಿಸದೆ ಬಿಟ್ಟದ್ದು ಪಟ್ಟಿಯ ಒಡೆಯನಿಗೆ ಮೇಲ್ ಆಗಿ ತಲುಪುತ್ತಿತ್ತು. ಮುಂದೆ ಪಾಲ್ ವಿಕ್ಸಿಯವರ ಕ್ರಾನ್‌ನಲ್ಲಿ ಮೇಲ್ ಯಾರಿಗೆ ಹೋಗಬೇಕೆಂದು ಪಟ್ಟಿಯಲ್ಲೇ ಬರೆಯುವಂತಾಯಿತು.

ನಾವೂ ಒಮ್ಮೆ ಆ ಮೇಲ್‌ಗಳ ಕಾಟ ತಾಳಲಾರದೆ ಎಲ್ಲವನ್ನೂ ‘ಡೆವ್ ನಲ್’ ಎಂಬ ಪಾತಾಳಕ್ಕೆ ತಳ್ಳಿದ್ದೆವು. ಟೇಪ್ ತುಂಬಿ ಬ್ಯಾಕಪ್ ನಿಂತುಹೋಗಿದ್ದು ನಮಗೆ ತಿಳಿದದ್ದು, ಕಳೆದುಹೋದ ಫೈಲನ್ನು ಹುಡುಕಹೋದ ದಿನವೇ! ಮೌನಂ ಸಮ್ಮತಿ ಲಕ್ಷಣಂ ಎನ್ನುತ್ತಾರೆ. ರಾತ್ರಿ ಪಾಳಿಯ ಆಳಿಗೆ ಮಾತ್ರ ಆ ಮಾತು ಹೊಂದದು.