ನೆಲದಡಿಯ ಬೆಂಕಿ, ನೆಲದ ಬಿರುಕು

ನಮ್ಮ ಊರುಗಳಲ್ಲಿ ಚಳಿಗಾಲದ ಸಿದ್ಧತೆ ಎಂದರೆ ಪೆಟ್ಟಿಗೆಯಲ್ಲಿದ್ದ ಕಂಬಳಿಯನ್ನು ಬಿಸಿಲಿಗೆ ಹಾಕುವುದು, ಹೆಚ್ಚೆಂದರೆ ಬಚ್ಚಲೊಲೆಗೆ ನಾಲ್ಕು ಕೊರಡು ಹೆಚ್ಚಾಗಿ ಒಟ್ಟಿಕೊಳ್ಳುವುದು. ಮನೆಯನ್ನೇ ಬೆಚ್ಚಗೆ ಮಾಡುವ ವಿದ್ಯೆ ನಮಗೆ ಬೇಕಾಗಲಿಲ್ಲ. ಅದು ಬೇಕೇಬೇಕಾಗಿದ್ದ ನಾಡುಗಳಲ್ಲಿ ಕೊರಿಯಾ ಒಂದು. ಅಲ್ಲಿನವರು ಕಂಡುಕೊಂಡ ಉಪಾಯದ ಹೆಸರು ಒಂಡೊಲ್. ಮನೆಯ ನೆಲವನ್ನೇ ಒಲೆಯಾಗಿಸುವ ಉಪಾಯ ಅದು.

ಇದರ ರಚನೆ ಸರಳ. ಅಡುಗೆಮನೆಯ ನೆಲ ಮಲಗುವ ಕೋಣೆಯ ನೆಲಕ್ಕಿಂತ ತಗ್ಗಿನಲ್ಲಿರುತ್ತದೆ. ಅಲ್ಲಿನ ಒಲೆಯ ಬಾಯಿಗೆ ಅಗುಂಗಿ ಎನ್ನುತ್ತಾರೆ. ಅನ್ನ ಬೇಯಿಸಿದ ಉರಿಯ ಬಿಸಿ ಮತ್ತು ಹೊಗೆ ನೇರವಾಗಿ ಮೇಲೇರುವುದಿಲ್ಲ. ಕೋಣೆಯ ನೆಲದಡಿಯ ಕಾಲುವೆಗಳಲ್ಲಿ ಹಾದು, ಮನೆಯ ಇನ್ನೊಂದು ಬದಿಯ ಹೊಗೆಗೂಡಿನಿಂದ ಹೊರಬೀಳುತ್ತದೆ. ಕಾಲುವೆಗಳ ಮೇಲೆ ಕಲ್ಲಿನ ಚಪ್ಪಡಿ, ಅದರ ಮೇಲೆ ಮಣ್ಣಿನ ಗಿಲಾವು, ಅದರ ಮೇಲೆ ಎಣ್ಣೆ ಹಚ್ಚಿದ ಕಾಗದ. ಒಲೆಯ ಹತ್ತಿರ ದಪ್ಪ ಕಲ್ಲು, ದೂರದಲ್ಲಿ ತೆಳು ಕಲ್ಲು. ಹಾಗಿದ್ದರೂ ಒಲೆಗೆ ಹತ್ತಿರದ ಜಾಗವೇ ಹೆಚ್ಚು ಬೆಚ್ಚಗೆ. ಅದಕ್ಕೆ ಅರೆನ್‌ಮೋಕ್ ಎಂಬ ಹೆಸರಿದೆ. ಮನೆಯ ಹಿರಿಯರು, ಬಂದ ಅತಿಥಿಗಳು ಕೂರುವುದು ಅಲ್ಲಿ.

ಕ್ರಿ.ಶ. 945ರಲ್ಲಿ ಪೂರ್ಣಗೊಂಡ ತಾಂಗ್ ವಂಶದ ಚೀನೀ ಇತಿಹಾಸಗ್ರಂಥದಲ್ಲಿ ಗೊಗುರ್ಯೊ ರಾಜ್ಯದ ಬಡವರು ಚಳಿಗಾಲದಲ್ಲಿ ಹೀಗೆ ಕೆಳಗಿನಿಂದ ಬೆಂಕಿ ಹಾಕಿ ಬೆಚ್ಚಗಿರುತ್ತಿದ್ದರು ಎಂಬ ಉಲ್ಲೇಖವಿದೆ. ಅಂದರೆ ಇದು ಬಡವರ ಮನೆಯಿಂದ ಬಂದದ್ದು. ಮೊದಲು ಕೋಣೆಯ ಒಂದು ಭಾಗಕ್ಕಷ್ಟೇ ಇದ್ದ ವ್ಯವಸ್ಥೆ ಕ್ರಮೇಣ ಇಡೀ ನೆಲಕ್ಕೆ ವಿಸ್ತರಿಸಿತು. ಜೋಸನ್ ಅರಸರ ಕಾಲದಲ್ಲಿ ಅರಮನೆಯಿಂದ ಗುಡಿಸಲಿನವರೆಗೆ ಎಲ್ಲ ಕಡೆ ಹರಡಿತು. ಅದಕ್ಕೆ ಬೆಲೆ ತೆತ್ತದ್ದು ಕಾಡು. ಪೈನ್ ಮರ ಕಡಿಯುವುದನ್ನು ಜೋಸನ್ ಸರ್ಕಾರ ನಿರ್ಬಂಧಿಸಿದರೂ ಊರಿನ ಸುತ್ತಲಿನ ಗುಡ್ಡಗಳು ಬೋಳಾಗುತ್ತಲೇ ಹೋದವು.

ಇಂಥ ಮನೆಯಲ್ಲಿ ಚಳಿಗಾಲದ ಕೆಲಸ ಶುರುವಾಗುವುದು ಶರತ್ಕಾಲದಲ್ಲೇ. ಸೌದೆ ಒಟ್ಟಬೇಕು. ಕಾಲುವೆಯಲ್ಲಿ ಕಟ್ಟಿದ ಮಸಿ, ಬೂದಿ ತೆಗೆಯಬೇಕು. ಬಾಗಿಲು, ಕಿಟಕಿಗಳ ಕಾಗದ ಹೊಸದು ಅಂಟಿಸಬೇಕು. ನೆಲದ ಗಿಲಾವು ಬಿರುಕು ಬಿಟ್ಟಿದ್ದರೆ ಮೆತ್ತಬೇಕು. ಬಿರುಕು ಉಳಿದರೆ ಕೋಣೆಗೆ ಹೊಗೆ ನುಗ್ಗುತ್ತದೆ, ಕಣ್ಣು ಉರಿಯುತ್ತದೆ, ಕೆಮ್ಮು ಬರುತ್ತದೆ. ಆ ಉರಿ, ಆ ಕೆಮ್ಮು ಎಚ್ಚರಿಕೆಯೂ ಹೌದು. ಹೊಗೆ ಬಂತೆಂದರೆ ಮನೆಯವರು ಎದ್ದು ಬಾಗಿಲು ತೆರೆಯುತ್ತಿದ್ದರು. ಜೊತೆಗೆ ಸೌದೆಯ ಬೆಂಕಿ ಸಂಜೆ ಉರಿದು ಆರುತ್ತಿತ್ತು. ರಾತ್ರಿಯಿಡೀ ಬಿಸಿ ಕೊಡುತ್ತಿದ್ದುದು ಬೆಂಕಿಯಲ್ಲ, ಕಾದ ಕಲ್ಲು.

ಕೊರಿಯಾ ಯುದ್ಧ 1953ರಲ್ಲಿ ನಿಂತಾಗ ದಕ್ಷಿಣದ ಗುಡ್ಡಗಳಲ್ಲಿ ಉರಿಸಲು ಹೆಚ್ಚು ಮರ ಉಳಿದಿರಲಿಲ್ಲ. ಹಳ್ಳಿಗಳಿಂದ ಜನ ಸಿಯೋಲ್‌ಗೆ ಬಂದು ತುಂಬುತ್ತಿದ್ದರು. ಕಾಡು ಉಳಿಸಲು ಸರ್ಕಾರ ನಗರಗಳಿಗೆ ಸೌದೆ ತರುವುದನ್ನು ತಡೆಯಿತು. ಅದರ ಬದಲಿಗೆ ಬಂದದ್ದು ಯೊನ್‌ತಾನ್. ಕಲ್ಲಿದ್ದಲ ಪುಡಿಯನ್ನು ಒತ್ತಿ ಮಾಡಿದ, ಮೇಲಿಂದ ಕೆಳಗೆ ತೂತುಗಳಿರುವ ಉರುಳೆ ಅದು. ಅಗ್ಗ, ಹೊಗೆಯಿಲ್ಲ, ನಿಧಾನವಾಗಿ ಗಂಟೆಗಟ್ಟಲೆ ಉರಿಯುತ್ತದೆ. ಕಿಮ್ಚಿಯ ಭರಣಿ ತುಂಬಿಸುವುದು, ಯೊನ್‌ತಾನ್ ಒಟ್ಟುವುದು, ಈ ಎರಡು ಮುಗಿದರೆ ಗೃಹಿಣಿಗೆ ಚಳಿಗಾಲದ ಅರ್ಧ ಚಿಂತೆ ಕಳೆದಂತೆ. ಆಮೇಲೆ ಬೆಂಕಿ ಆರದಂತೆ ನಡುರಾತ್ರಿ ಎದ್ದು, ಉರಿಯುತ್ತಿರುವ ಉರುಳೆಯನ್ನು ಕೆಳಗಿಟ್ಟು, ತೂತಿಗೆ ತೂತು ಸರಿಹೊಂದುವಂತೆ ಹೊಸದನ್ನು ಮೇಲಿಡುವ ಕೆಲಸ ಸಾಮಾನ್ಯವಾಗಿ ಅವಳದೇ.

ಕಾಡಿಗೆ ಇದರಿಂದ ಒಳ್ಳೆಯದಾಯಿತು. ಇಂದು ಕೊರಿಯಾದ ಗುಡ್ಡಗಳು ಹಸಿರಾಗಿರುವುದಕ್ಕೆ ಗಿಡ ನೆಟ್ಟದ್ದರ ಜೊತೆಗೆ ಸೌದೆ ಬಿಟ್ಟದ್ದೂ ಕಾರಣ. ಆದರೆ ನೆಲ ಹಳೆಯದೇ, ಬಿರುಕೂ ಹಳೆಯದೇ. ಬದಲಾದದ್ದು ಉರುವಲು ಮಾತ್ರ. ಗಾಳಿ ಸಾಲದೆ ನಿಧಾನವಾಗಿ ಉರಿಯುವ ಕಲ್ಲಿದ್ದಲು ಕಾರ್ಬನ್ ಮಾನಾಕ್ಸೈಡನ್ನು ಉಗುಳುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ನಮ್ಮ ರಕ್ತದ ಹಿಮೋಗ್ಲೋಬಿನ್ ಆಮ್ಲಜನಕಕ್ಕಿಂತ 200 ಪಟ್ಟಿಗೂ ಹೆಚ್ಚು ಬಲವಾಗಿ ಅದನ್ನು ಹಿಡಿದುಕೊಳ್ಳುತ್ತದೆ. ಸೌದೆಯ ಬೆಂಕಿ ಜನ ಮಲಗುವ ಹೊತ್ತಿಗೆ ಆರುತ್ತಿತ್ತು. ಇದು ಮಲಗಿದವರ ಬೆನ್ನ ಕೆಳಗೆ ಬೆಳಗಿನವರೆಗೂ ಉರಿಯುತ್ತಿತ್ತು. ಹಿಂದೆ ಬರೀ ಕೆಮ್ಮು ಬರಿಸುತ್ತಿದ್ದ ಬಿರುಕು ಈಗ ಕೊಲ್ಲತೊಡಗಿತು.

1960 ಮತ್ತು 70ರ ದಶಕಗಳಲ್ಲಿ ಚಳಿಗಾಲ ಬಂತೆಂದರೆ ನೂರಾರು ಜನ ಹೀಗೆ ನಿದ್ದೆಯಲ್ಲೇ ಸಾಯುತ್ತಿದ್ದರು. ಅವರಲ್ಲಿ ಬಹಳಷ್ಟು ಮಂದಿ ಊರು ಬಿಟ್ಟು ಕೆಲಸಕ್ಕೆ, ಓದಿಗೆ ನಗರಕ್ಕೆ ಬಂದು ಅಗ್ಗದ ಬಾಡಿಗೆ ಕೋಣೆಗಳಲ್ಲಿದ್ದವರು. ನೆಲದ ಬಿರುಕು ಮುಚ್ಚಿಸಬೇಕಾದವರು ಬಾಡಿಗೆದಾರರೋ ಮಾಲೀಕರೋ ಎಂಬ ಜಗಳದಲ್ಲಿ ಪ್ರಾಣ ಹೋಗುವಂಥ ಕೋಣೆಗಳು ಅವು. ವಿಷಗಾಳಿ ಕುಡಿದವರಿಗೆ ಮೂಲಂಗಿ ಕಿಮ್ಚಿಯ ತಣ್ಣನೆಯ ರಸ ಕುಡಿಸುವುದು ಮನೆಮದ್ದಾಗಿತ್ತು. ಅದರಿಂದ ರಕ್ತದ ವಿಷ ಇಳಿಯುವುದಿಲ್ಲ. ಆಸ್ಪತ್ರೆಗಳು ಹೆಚ್ಚಿನ ಒತ್ತಡದಲ್ಲಿ ಆಮ್ಲಜನಕ ಕೊಡುವ ಕೊಠಡಿಗಳನ್ನು ಮಾಡಿಕೊಂಡವು.

ಪರಿಹಾರ ಸಿಕ್ಕಿದ್ದು ಬೆಂಕಿಯನ್ನು ನೆಲದಡಿಯಿಂದ ಹೊರಗೆ ಹಾಕಿದಾಗ. ಬಾಯ್ಲರ್‌ನಲ್ಲಿ ಕಾದ ನೀರು ನೆಲದ ಕೊಳವೆಗಳಲ್ಲಿ ಹರಿಯತೊಡಗಿತು. ಈ ದಾರಿಯನ್ನು ಅಮೆರಿಕದ ವಾಸ್ತುಶಿಲ್ಪಿ ಫ್ರಾಂಕ್ ಲಾಯ್ಡ್ ರೈಟ್ ಮೊದಲೇ ಹಿಡಿದಿದ್ದ. ಟೋಕಿಯೋದಲ್ಲಿ ಶ್ರೀಮಂತರೊಬ್ಬರ ಮನೆಯ ಕೊರಿಯನ್ ಕೋಣೆಯಲ್ಲಿ ಕೂತು ಬೆರಗಾದ ಆತ, 1937ರಲ್ಲಿ ವಿಸ್ಕಾನ್ಸಿನ್‌ನ ಜೇಕಬ್ಸ್ ಮನೆಯ ನೆಲದಡಿ ಕೊಳವೆ ಹಾಸಿದ. ಇಂದು ಸಿಯೋಲ್‌ನ ಬಹುಮಹಡಿ ಫ್ಲಾಟ್‌ಗಳಲ್ಲೂ ನೆಲವೇ ಬೆಚ್ಚಗಿರುತ್ತದೆ. 2018ರಲ್ಲಿ ಒಂಡೊಲ್ ಸಂಸ್ಕೃತಿಯನ್ನು ದಕ್ಷಿಣ ಕೊರಿಯಾ ತನ್ನ ರಾಷ್ಟ್ರೀಯ ಪರಂಪರೆಯ ಪಟ್ಟಿಗೆ ಸೇರಿಸಿತು.

ದೆಹಲಿಯಲ್ಲಿರುವ ನಮಗೆ ಈ ಇತಿಹಾಸ ದೂರದ್ದಲ್ಲ. ಇಲ್ಲಿ ಅಂಗೀಠಿ ಎನ್ನುವುದು ನಮ್ಮ ಅಗ್ಗಿಷ್ಟಿಕೆಯೇ. ಹೆಸರೂ ಒಂದೇ ಬೇರಿನದು. ಊರಲ್ಲಿ ಅದು ಅಂಗಳದಲ್ಲೋ ಹೆಂಚಿನ ಸಂದಿಯಿಂದ ಗಾಳಿಯಾಡುವ ಮನೆಯಲ್ಲೋ ಇರುತ್ತಿತ್ತು. ಇಲ್ಲಿ ಅದನ್ನು ಕಿಟಕಿಯ ಸಂದಿಗೂ ಬಟ್ಟೆ ತುರುಕಿದ ಕೋಣೆಗೆ ತಂದಿಟ್ಟುಕೊಳ್ಳುತ್ತಾರೆ. ಹೊಗೆಯಾಡದ ಕೆಂಡ ನೋಡಿ ಅಪಾಯವಿಲ್ಲ ಎಂದುಕೊಂಡು ಮಲಗುತ್ತಾರೆ. ಪ್ರತಿ ಜನವರಿಯಲ್ಲೂ ಉತ್ತರ ಭಾರತದ ಪತ್ರಿಕೆಗಳಲ್ಲಿ ಅದೇ ಸುದ್ದಿ ಬರುತ್ತದೆ, ಬಹುಪಾಲು ವಲಸೆ ಬಂದವರದು. ಹೊಸದಾಗಿ ಬಂದ ಹುಡುಗರಿಗೆ ರಜಾಯಿ ಎಲ್ಲಿ ಅಗ್ಗ ಎಂದು ಹೇಳುವಾಗ ಇದನ್ನೂ ಹೇಳಿಬಿಡಿ: ಕೆಂಡ ಹೊರಗಿಟ್ಟು ಮಲಗಬೇಕು, ಗ್ಯಾಸ್ ಗೀಸರ್ ಇರುವ ಬಚ್ಚಲಿನ ಕಿಟಕಿ ಮುಚ್ಚಬಾರದು. ಬೆಳಿಗ್ಗೆ ತಲೆ ಸಿಡಿಯುತ್ತಿದ್ದರೆ ಅದು ಚಳಿಯಿಂದ ಎಂದುಕೊಳ್ಳದೆ ಮೊದಲು ಬಾಗಿಲು ತೆರೆದು ಹೊರಗೆ ಬರಬೇಕು.