ಕವಚ ತೊಟ್ಟು ಗ್ರಂಥವನ್ನೋದಿದ ದೊರೆ: ಉರ್ಬಿನೊದ ಡ್ಯೂಕ್ ಫೆಡೆರಿಕೊ

ಇಟಲಿಯ ಉರ್ಬಿನೊ ನಗರದ ಹಳೆಯ ಅರಮನೆ ಇಂದು ಕಲಾಸಂಗ್ರಹಾಲಯವಾಗಿದೆ. ಸುಮಾರು 1475ರಲ್ಲಿ ರಚಿತವಾದ ಒಂದು ವರ್ಣಚಿತ್ರವು ಅಲ್ಲಿದೆ. ಮಧ್ಯವಯಸ್ಸಿನ ದೊರೆಯೊಬ್ಬನು ಪೀಠದ ಮೇಲೆ ಕುಳಿತು ದೊಡ್ಡದೊಂದು ಗ್ರಂಥವನ್ನು ಓದುತ್ತಿದ್ದಾನೆ. ಅವನ ಮೈಮೇಲೆ ಉಕ್ಕಿನ ಕವಚವಿದೆ. ಶಿರಸ್ತ್ರಾಣವನ್ನು ಮಾತ್ರ ತೆಗೆದು ಕಾಲ ಬಳಿ ನೆಲದ ಮೇಲಿರಿಸಿದ್ದಾನೆ. ಅವನ ಮೊಣಕಾಲಿನ ಪಕ್ಕದಲ್ಲಿ ಪುಟ್ಟ ಮಗನು ನಿಂತಿದ್ದಾನೆ. ಗ್ರಂಥ, ಕವಚ ಮತ್ತು ಮಗು: ಈ ಮೂರನ್ನೂ ಒಂದೇ ಚೌಕಟ್ಟಿನಲ್ಲಿ ಸೇರಿಸಬೇಕೆಂಬುದು ಆ ದೊರೆಯದೇ ಅಪೇಕ್ಷೆಯಾಗಿದ್ದಿರಬೇಕು. ಅವನೇ ಉರ್ಬಿನೊದ ಡ್ಯೂಕ್ ಫೆಡೆರಿಕೊ ದ ಮೊಂಟೆಫೆಲ್ಟ್ರೊ. ತನ್ನ ಚಿಕ್ಕ ರಾಜ್ಯವನ್ನು ಮೂವತ್ತೆಂಟು ವರ್ಷಗಳ ಕಾಲ ಶತ್ರುಗಳಿಂದ ರಕ್ಷಿಸಿದವನೆಂದು ಚರಿತ್ರೆಯು ಅವನನ್ನು ಸ್ಮರಿಸುತ್ತದೆ. ಆ ರಕ್ಷಣೆಗೆ ಯಾರು ಬೆಲೆ ತೆತ್ತರು ಎಂಬ ಪ್ರಶ್ನೆಯನ್ನು ಮುಂದಿಟ್ಟುಕೊಂಡು ಅವನ ಜೀವನವನ್ನು ಪರಿಶೀಲಿಸುವುದು ಈ ಲೇಖನದ ಉದ್ದೇಶ.

ಹದಿನೈದನೆಯ ಶತಮಾನದ ಇಟಲಿ ಒಂದೇ ಆಳ್ವಿಕೆಗೆ ಒಳಪಟ್ಟ ದೇಶವಾಗಿರಲಿಲ್ಲ. ವೆನಿಸ್, ಮಿಲಾನ್, ಫ್ಲಾರೆನ್ಸ್, ನೇಪಲ್ಸ್ ಮತ್ತು ರೋಮಿನ ಪೋಪರ ರಾಜ್ಯ ಎಂಬ ಐದು ದೊಡ್ಡ ಶಕ್ತಿಗಳು ಅಲ್ಲಿ ಪರಸ್ಪರ ಸೆಣಸುತ್ತಿದ್ದವು. ಅವುಗಳ ನಡುವೆ ಹಲವಾರು ಸಣ್ಣ ಸಂಸ್ಥಾನಗಳು ಜೀವ ಹಿಡಿದುಕೊಂಡಿದ್ದವು. ಮಧ್ಯ ಇಟಲಿಯ ಗುಡ್ಡಗಾಡಿನಲ್ಲಿದ್ದ ಉರ್ಬಿನೊ ಅಂತಹವುಗಳಲ್ಲೊಂದು. ಅಲ್ಲಿ ಫಲವತ್ತಾದ ಬಯಲಿರಲಿಲ್ಲ, ದೊಡ್ಡ ಬಂದರಿರಲಿಲ್ಲ, ಶ್ರೀಮಂತ ವಣಿಕರ ಪೇಟೆಯೂ ಇರಲಿಲ್ಲ. ನೆರೆಯ ರಿಮಿನಿಯ ಮಲಟೆಸ್ಟಾ ಮನೆತನಕ್ಕೂ ಉರ್ಬಿನೊದ ಮೊಂಟೆಫೆಲ್ಟ್ರೊ ಮನೆತನಕ್ಕೂ ತಲೆಮಾರುಗಳ ವೈರವಿತ್ತು.

ಫೆಡೆರಿಕೊ 1422ರಲ್ಲಿ ಗುಬ್ಬಿಯೊ ಪಟ್ಟಣದ ಸಮೀಪ ಜನಿಸಿದನು. ಅವನು ಉರ್ಬಿನೊದ ಕೌಂಟ್ ಗುಯಿಡಾಂಟೋನಿಯೊನ ಮಗನಾದರೂ ವಿವಾಹಬಾಹಿರವಾಗಿ ಹುಟ್ಟಿದವನು. ಬಾಲ್ಯದಲ್ಲಿಯೇ ಅವನನ್ನು ರಾಜಕೀಯ ಒತ್ತೆಯಾಳಾಗಿ ವೆನಿಸಿಗೆ ಕಳುಹಿಸಲಾಯಿತು. ಅಲ್ಲಿಂದ ಅವನು ಮಾಂಟುವಾ ನಗರಕ್ಕೆ ಬಂದು, ಅಂದಿನ ಮಹಾಶಿಕ್ಷಕನೆನಿಸಿದ ವಿಟ್ಟೊರಿನೊ ದ ಫೆಲ್ಟ್ರೆಯ ಶಿಷ್ಯನಾದದ್ದು ಅವನ ಜೀವನದ ಭಾಗ್ಯವೆನ್ನಬೇಕು. ಆ ಶಾಲೆಯಲ್ಲಿ ರಾಜಕುಮಾರರೂ ಬಡವರ ಮಕ್ಕಳೂ ಒಟ್ಟಿಗೆ ಕುಳಿತು ಕಲಿಯುತ್ತಿದ್ದರು. ಬಡ ವಿದ್ಯಾರ್ಥಿಗಳಿಂದ ಶುಲ್ಕವನ್ನು ಪಡೆಯುತ್ತಿರಲಿಲ್ಲ. ಲ್ಯಾಟಿನ್ ಸಾಹಿತ್ಯ, ಗಣಿತ, ವ್ಯಾಯಾಮ ಮತ್ತು ಮಿತವಾದ ಆಹಾರ ಅಲ್ಲಿನ ಶಿಕ್ಷಣದ ಅಂಗಗಳಾಗಿದ್ದವು. ಫೆಡೆರಿಕೊ ಈ ಗುರುವನ್ನು ಕೊನೆಯವರೆಗೂ ಗೌರವದಿಂದ ನೆನೆದನು.

1444ರ ಜುಲೈ ತಿಂಗಳಲ್ಲಿ ಉರ್ಬಿನೊದಲ್ಲಿ ಘೋರವಾದ ಒಂದು ಘಟನೆ ನಡೆಯಿತು. ತಂದೆಯ ತರುವಾಯ ಪಟ್ಟಕ್ಕೆ ಬಂದಿದ್ದ ಮಲತಮ್ಮ ಓಡಾಂಟೋನಿಯೊನು ಭಾರವಾದ ತೆರಿಗೆಗಳಿಂದಲೂ ದುರ್ವರ್ತನೆಯಿಂದಲೂ ಪ್ರಜೆಗಳ ದ್ವೇಷಕ್ಕೆ ಪಾತ್ರನಾಗಿದ್ದನು. ಒಂದು ರಾತ್ರಿ ಒಳಸಂಚುಗಾರರು ಅವನನ್ನೂ ಅವನ ಆಪ್ತ ಸಲಹೆಗಾರರನ್ನೂ ಅರಮನೆಯಲ್ಲಿಯೇ ಕೊಂದರು. ಸುದ್ದಿ ತಿಳಿದು ಫೆಡೆರಿಕೊ ನಗರದ್ವಾರಕ್ಕೆ ಬಂದಾಗ ಪೌರರು ಅವನನ್ನು ಒಡನೆಯೇ ಒಳಗೆ ಬಿಡಲಿಲ್ಲ. ಹಂತಕರನ್ನು ದಂಡಿಸಕೂಡದು, ತೆರಿಗೆಯ ಹೊರೆಯನ್ನು ಇಳಿಸಬೇಕು ಎಂಬ ಮುಂತಾದ ಷರತ್ತುಗಳನ್ನು ಮುಂದಿಟ್ಟರು. ಇಪ್ಪತ್ತೆರಡರ ಆ ತರುಣನು ಅವನ್ನೆಲ್ಲ ಒಪ್ಪಿ ವಚನವನ್ನಿತ್ತ ಮೇಲೆಯೇ ಬಾಗಿಲು ತೆರೆಯಿತು. ಸಂಚಿನ ಸುಳಿವು ಅವನಿಗೆ ಮೊದಲೇ ಇದ್ದಿರಬಹುದೆಂಬ ಸಂಶಯವನ್ನು ಇತಿಹಾಸಕಾರರು ವ್ಯಕ್ತಪಡಿಸಿದ್ದಾರೆ. ಅದೇನೇ ಇರಲಿ, ಅವನ ಆಳ್ವಿಕೆಯು ಪ್ರಜೆಗಳೊಡನೆ ಮಾಡಿಕೊಂಡ ಒಡಂಬಡಿಕೆಯಿಂದ ಆರಂಭವಾಯಿತು. ಸಣ್ಣ ರಾಜ್ಯದ ದೊರೆಗೆ ಹೊರಗಿನ ಶತ್ರುವಿನಷ್ಟೇ ಭಯಂಕರವಾದುದು ಒಳಗಿನ ಅಸಮಾಧಾನವೆಂಬ ಪಾಠವನ್ನು ಅವನು ಪಟ್ಟಕ್ಕೆ ಬರುವ ದಿನವೇ ಕಲಿತನು.

ತೆರಿಗೆಯನ್ನು ಇಳಿಸಿದರೆ ರಾಜ್ಯವು ನಡೆಯುವುದೆಂತು? ಫೆಡೆರಿಕೊ ಕಂಡುಕೊಂಡ ಉತ್ತರವು ಯುದ್ಧವೃತ್ತಿ. ಅಂದಿನ ಇಟಲಿಯಲ್ಲಿ ದೊಡ್ಡ ರಾಜ್ಯಗಳು ಸ್ವಂತ ಸೈನ್ಯಕ್ಕಿಂತ ಹೆಚ್ಚಾಗಿ ವೇತನದ ಸೇನಾಪತಿಗಳನ್ನು ಅವಲಂಬಿಸಿದ್ದವು. ಕರಾರುಪತ್ರದ ಮೇಲೆ ನಿಶ್ಚಿತ ಅವಧಿಗೆ ನಿಶ್ಚಿತ ಸಂಖ್ಯೆಯ ಸೈನಿಕರೊಡನೆ ಸೇವೆ ಸಲ್ಲಿಸುವ ಇಂತಹ ನಾಯಕರಿಗೆ ಕೊಂಡೊಟ್ಟಿಯೆರೆಗಳೆಂದು ಹೆಸರು. ಫೆಡೆರಿಕೊ ಕಾಲಕಾಲಕ್ಕೆ ಮಿಲಾನ್, ಫ್ಲಾರೆನ್ಸ್, ನೇಪಲ್ಸ್ ಮತ್ತು ಪೋಪರ ಪರವಾಗಿ ಸೇನೆಯನ್ನು ನಡೆಸಿದನು. ಉರ್ಬಿನೊದ ಗುಡ್ಡಗಾಡಿನ ಯುವಕರಿಗೆ ಅವನ ದಳದಲ್ಲಿ ಉದ್ಯೋಗ ದೊರೆಯಿತು. ಹೊರಗಿನ ಹಣವು ಬಡ ನಾಡಿಗೆ ಹರಿದು ಬಂದಿತು. ಕೊಟ್ಟ ಮಾತಿಗೆ ತಪ್ಪದವನೆಂಬ ಕೀರ್ತಿಯೇ ಅವನ ಮುಖ್ಯ ಬಂಡವಾಳ. ಸೇನಾಪತಿಗಳು ಹೆಚ್ಚು ಹಣಕ್ಕಾಗಿ ರಾತ್ರೋರಾತ್ರಿ ಪಕ್ಷವನ್ನು ಬದಲಿಸುತ್ತಿದ್ದ ಆ ಕಾಲದಲ್ಲಿ ಈ ಕೀರ್ತಿಗೆ ಅಪಾರವಾದ ಬೆಲೆಯಿತ್ತು. ಸುಮಾರು 1450ರಲ್ಲಿ ನಡೆದ ಭರ್ಜಿಕಾಳಗದ ಕ್ರೀಡೆಯೊಂದರಲ್ಲಿ ಅವನು ಬಲಗಣ್ಣನ್ನು ಕಳೆದುಕೊಂಡನು. ಅವನ ಚಿತ್ರಗಳಲ್ಲಿ ಮುಖದ ಎಡಭಾಗವೇ ಕಾಣುವುದಕ್ಕೆ ಇದೇ ಕಾರಣ.

ರಿಮಿನಿಯ ಸಿಗಿಸ್ಮೊಂಡೊ ಮಲಟೆಸ್ಟಾ ಅವನ ಬದ್ಧವೈರಿಯಾಗಿದ್ದನು. ಪೋಪ್ ಎರಡನೆಯ ಪಯಸನ ಪಕ್ಷದಲ್ಲಿ ನಿಂತು ಫೆಡೆರಿಕೊ 1462ರಲ್ಲಿ ಚೆಸಾನೊ ನದಿಯ ಬಳಿ ಅವನನ್ನು ಸೋಲಿಸಿದನು. ಮರುವರ್ಷ ಫಾನೊ ನಗರವನ್ನು ಗೆದ್ದನು. ಮಲಟೆಸ್ಟಾಗಳ ಶಕ್ತಿ ಕುಂದಿತು. ಸಿಗಿಸ್ಮೊಂಡೊನ ಮರಣಾನಂತರ ಪೋಪ್ ಎರಡನೆಯ ಪಾಲನು ರಿಮಿನಿಯನ್ನೇ ನುಂಗಲು ಮುಂದಾದಾಗ ಅನೇಕರು ನಿರೀಕ್ಷಿಸದ ಘಟನೆ ನಡೆಯಿತು. 1469ರಲ್ಲಿ ಫೆಡೆರಿಕೊ ತನ್ನ ವೈರಿಯ ಮಗನಾದ ರೊಬೆರ್ಟೊವಿನ ಪರವಾಗಿ ನಿಂತು ಪೋಪನ ಸೈನ್ಯವನ್ನು ಹಿಮ್ಮೆಟ್ಟಿಸಿದನು. ಮುಂದೆ ತನ್ನ ಮಗಳು ಎಲಿಸಬೆಟ್ಟಾಳನ್ನು ಅವನಿಗೆ ವಿವಾಹ ಮಾಡಿಕೊಟ್ಟನು. ಇದರಲ್ಲಿ ಕೇವಲ ಔದಾರ್ಯವನ್ನೇ ಕಾಣಬೇಕಾಗಿಲ್ಲ. ಇಂದು ರಿಮಿನಿಯನ್ನು ನುಂಗಿದ ಬಾಯಿ ನಾಳೆ ಉರ್ಬಿನೊದ ಕಡೆಗೆ ತಿರುಗುವುದೆಂಬ ವಿವೇಕವೂ ಇದರಲ್ಲಿತ್ತು. ಆದರೂ ತಲೆಮಾರುಗಳ ವೈರವು ಬಾಂಧವ್ಯವಾಗಿ ಮಾರ್ಪಟ್ಟಿತು ಎಂಬುದು ಸ್ಮರಣೀಯ.

ಅವನ ಆಂತರಿಕ ಆಡಳಿತವನ್ನು ಸಮಕಾಲೀನರು ಮುಕ್ತಕಂಠದಿಂದ ಪ್ರಶಂಸಿಸಿದ್ದಾರೆ. ಅವನಿಗೆ ಗ್ರಂಥಗಳನ್ನು ಒದಗಿಸಿದ ಫ್ಲಾರೆನ್ಸಿನ ಪುಸ್ತಕ ವ್ಯಾಪಾರಿ ವೆಸ್ಪಾಸಿಯಾನೊ ದ ಬಿಸ್ಟಿಚ್ಚಿಯು ಅವನ ಚರಿತ್ರೆಯನ್ನೂ ಬರೆದಿಟ್ಟಿದ್ದಾನೆ. ದೊರೆಯು ಅಂಗರಕ್ಷಕರ ಗುಂಪಿಲ್ಲದೆ ಬೀದಿಗಳಲ್ಲಿ ನಡೆದಾಡುತ್ತಿದ್ದನೆಂದೂ, ಯಾರು ಬೇಕಾದರೂ ಬಂದು ದೂರನ್ನು ಹೇಳಿಕೊಳ್ಳಬಹುದಾಗಿತ್ತೆಂದೂ ಅವನು ತಿಳಿಸುತ್ತಾನೆ. ಕೊಲೆಯಾದ ದೊರೆಯ ಅರಮನೆಗೆ ಬಂದವನು ನಿರಾಯುಧನಾಗಿ ಜನರ ನಡುವೆ ಸುಳಿದನೆಂಬುದು ಸಾಮಾನ್ಯ ಸಂಗತಿಯಲ್ಲ. ಅವನು ಯುದ್ಧಭೂಮಿಯಲ್ಲಿದ್ದಾಗ ರಾಜ್ಯದ ಹೊಣೆಯನ್ನು ಹೊತ್ತವಳು ಪತ್ನಿ ಬಟ್ಟಿಸ್ಟಾ ಸ್ಫೋರ್ಜಾ. ವಿದ್ಯಾವತಿಯಾದ ಈಕೆ ಲ್ಯಾಟಿನ್ ಭಾಷೆಯಲ್ಲಿ ಭಾಷಣ ಮಾಡಬಲ್ಲವಳಾಗಿದ್ದಳು. ಯುದ್ಧದಿಂದ ಗಳಿಸಿದ ಹಣದಲ್ಲಿ ಫೆಡೆರಿಕೊ ಭವ್ಯವಾದ ಅರಮನೆಯನ್ನು ಕಟ್ಟಿಸಿದನು. 1468ರಲ್ಲಿ ಲುಚಿಯಾನೊ ಲೌರಾನಾ ಎಂಬ ವಾಸ್ತುಶಿಲ್ಪಿಯನ್ನು ಅದರ ಮುಖ್ಯಸ್ಥನನ್ನಾಗಿ ನೇಮಿಸಿದನು. ಲಿಪಿಕಾರರಿಂದ ಬರೆಯಿಸಿದ ಹಸ್ತಪ್ರತಿಗಳ ಅವನ ಗ್ರಂಥಭಂಡಾರವು ಆ ಯುಗದ ಶ್ರೇಷ್ಠ ಭಂಡಾರಗಳಲ್ಲಿ ಒಂದಾಗಿತ್ತು. ಅರಮನೆಯ ಚಿಕ್ಕ ಓದುಕೋಣೆಯ ಗೋಡೆಗಳಲ್ಲಿ ಬಣ್ಣಬಣ್ಣದ ಮರದ ತುಂಡುಗಳನ್ನು ಕೂಡಿಸಿ ಕಪಾಟುಗಳ ಚಿತ್ರವನ್ನು ರಚಿಸಲಾಗಿದೆ. ಆ ಕಪಾಟುಗಳಲ್ಲಿ ಪುಸ್ತಕಗಳ ಜೊತೆಗೆ ಕಳಚಿಟ್ಟ ಕವಚವೂ ಕಾಣಿಸುತ್ತದೆ.

ಇಲ್ಲಿಯವರೆಗಿನ ಲೆಕ್ಕದಲ್ಲಿ ಜಮೆಯ ಕಡೆಯೇ ತುಂಬಿದೆ. ಖರ್ಚಿನ ಕಡೆಯನ್ನೂ ನೋಡುವುದು ನ್ಯಾಯ.

1472ರಲ್ಲಿ ಫ್ಲಾರೆನ್ಸಿಗೂ ಅದರ ಅಧೀನದಲ್ಲಿದ್ದ ವೋಲ್ಟೆರ್ರಾ ನಗರಕ್ಕೂ ಪಟಿಕದ ಗಣಿಯೊಂದರ ಹಕ್ಕಿನ ವಿಷಯದಲ್ಲಿ ವಿವಾದ ಹುಟ್ಟಿತು. ಬಟ್ಟೆಗೆ ಬಣ್ಣವನ್ನು ಹಿಡಿಸಲು ಪಟಿಕವು ಅತ್ಯಗತ್ಯವಾದ್ದರಿಂದ ಅದರ ವ್ಯಾಪಾರದಲ್ಲಿ ದೊಡ್ಡ ಲಾಭವಿತ್ತು. ವೋಲ್ಟೆರ್ರಾ ಬಂಡೆದ್ದಿತು. ಫ್ಲಾರೆನ್ಸಿನ ಲೊರೆಂಜೊ ಮೆಡಿಚಿಯು ಫೆಡೆರಿಕೊನನ್ನು ಸೇನಾಪತಿಯನ್ನಾಗಿ ಕರೆಯಿಸಿಕೊಂಡನು. ಮುತ್ತಿಗೆಯು ಒಂದು ತಿಂಗಳೂ ನಡೆಯಲಿಲ್ಲ; ಪ್ರಾಣ ಮತ್ತು ಆಸ್ತಿಗೆ ಅಭಯವನ್ನು ಪಡೆದು ಪೌರರು ಜೂನ್ ತಿಂಗಳಲ್ಲಿ ಶರಣಾದರು. ಆದರೆ ಬಾಗಿಲು ತೆರೆದ ಮೇಲೆ ಸೈನಿಕರು ಒಳನುಗ್ಗಿ ನಗರವನ್ನು ಕೊಳ್ಳೆಹೊಡೆದರು. ಮನೆಗಳು ಬರಿದಾದವು, ಸ್ತ್ರೀಯರ ಮಾನಭಂಗವಾಯಿತು, ಅಮಾಯಕರು ಸತ್ತರು. ಸೇನಾಪತಿಯು ತಡೆಯಲೆತ್ನಿಸಿದನೆಂದು ಅವನ ಅಭಿಮಾನಿಗಳು ಬರೆದಿದ್ದಾರೆ. ತಡೆಯಲೆತ್ನಿಸಿದ್ದರೂ ತಡೆಯಲಾಗಲಿಲ್ಲ ಎಂಬುದು ಸತ್ಯ. ಆ ನಗರದ ಯಹೂದಿ ಗೃಹಸ್ಥನೊಬ್ಬನ ಅಮೂಲ್ಯವಾದ ಹೀಬ್ರೂ ಬೈಬಲ್ ಹಸ್ತಪ್ರತಿಯು ಫೆಡೆರಿಕೊನ ಗ್ರಂಥಭಂಡಾರವನ್ನು ಸೇರಿತು ಎಂಬುದೂ ಸತ್ಯ. ಫ್ಲಾರೆನ್ಸ್ ಅವನನ್ನು ವಿಜಯಿಯೆಂದು ಸನ್ಮಾನಿಸಿತು.

ಅದೇ ವರ್ಷದ ಜುಲೈನಲ್ಲಿ ಬಟ್ಟಿಸ್ಟಾ ಅಕಾಲ ಮರಣವನ್ನಪ್ಪಿದಳು. ಅನೇಕ ಹೆಣ್ಣುಮಕ್ಕಳ ಬಳಿಕ ಜನಿಸಿದ ಏಕೈಕ ಗಂಡುಮಗು ಗುಯಿಡೊಬಾಲ್ಡೊನಿಗೆ ಆಗ ಕೆಲವೇ ತಿಂಗಳ ಪ್ರಾಯ. ಒಂದನ್ನು ಮತ್ತೊಂದರ ಫಲವೆಂದು ಹೇಳುವ ಅಧಿಕಾರ ಚರಿತ್ರೆಗಿಲ್ಲ. ಆದರೆ ಪರರ ಮನೆಗಳನ್ನು ಬರಿದು ಮಾಡಿದ ಸೈನ್ಯದ ನಾಯಕನು ತನ್ನ ಮನೆ ಬರಿದಾದುದನ್ನು ಒಂದು ತಿಂಗಳೊಳಗೆ ಕಂಡನು. ಅವನು ಮತ್ತೆ ವಿವಾಹವಾಗಲಿಲ್ಲ.

1474ರಲ್ಲಿ ಪೋಪ್ ನಾಲ್ಕನೆಯ ಸಿಕ್ಸ್ಟಸನು ಫೆಡೆರಿಕೊನಿಗೆ ಡ್ಯೂಕ್ ಪದವಿಯನ್ನು ಅನುಗ್ರಹಿಸಿದನು. ಫೆಡೆರಿಕೊನ ಮಗಳು ಜಿಯೊವಾನ್ನಾಳಿಗೂ ಪೋಪನ ಸೋದರಪುತ್ರನಿಗೂ ಸಂಬಂಧ ಬೆಳೆಯಿತು. ಪದವಿಯ ಜೊತೆಗೆ ಋಣವೂ ಬಂದಿತು. 1478ರ ಏಪ್ರಿಲ್ 26ರಂದು ಫ್ಲಾರೆನ್ಸಿನ ಮಹಾದೇವಾಲಯದಲ್ಲಿ ಪ್ರಾರ್ಥನೆಯ ಸಮಯದಲ್ಲಿಯೇ ಒಳಸಂಚುಗಾರರು ಲೊರೆಂಜೊವಿನ ತಮ್ಮ ಜೂಲಿಯಾನೊನನ್ನು ಇರಿದು ಕೊಂದರು. ಲೊರೆಂಜೊ ಗಾಯಗೊಂಡು ಬದುಕಿದನು. ಈ ಸಂಚಿನಲ್ಲಿ ಉರ್ಬಿನೊದ ಡ್ಯೂಕನ ಪಾತ್ರವೆಷ್ಟೆಂಬುದು ಐದು ಶತಮಾನಗಳ ಕಾಲ ಸ್ಪಷ್ಟವಾಗಿರಲಿಲ್ಲ. ಸಂಚಿಗೆ ಎರಡು ತಿಂಗಳ ಮೊದಲು ಅವನು ರೋಮಿನಲ್ಲಿದ್ದ ತನ್ನ ದೂತರಿಗೆ ಗುಪ್ತಲಿಪಿಯಲ್ಲಿ ಬರೆಯಿಸಿದ ಪತ್ರವನ್ನು ಇತಿಹಾಸಕಾರ ಮಾರ್ಚೆಲ್ಲೊ ಸಿಮೊನೆಟ್ಟಾ ಬಿಡಿಸಿ ಓದಿ 2004ರಲ್ಲಿ ಪ್ರಕಟಿಸಿದರು. ಡ್ಯೂಕನು ಸಂಚನ್ನು ಬಲ್ಲವನಾಗಿದ್ದನು, ಅದಕ್ಕೆ ಸೈನ್ಯದ ನೆರವನ್ನೂ ಸಿದ್ಧಪಡಿಸಿದ್ದನು ಎಂಬುದು ಅದರಿಂದ ಹೊರಬಿದ್ದಿತು. ಆರು ವರ್ಷಗಳ ಹಿಂದೆ ತನ್ನನ್ನು ಸನ್ಮಾನಿಸಿದ ಮನೆತನದ ಮೇಲೆಯೇ ಅವನು ಕೈಯೆತ್ತಿದ್ದನು. ವಚನಪಾಲಕನೆಂದು ಹೊಗಳಿಸಿಕೊಂಡವನು ಗುಪ್ತಲಿಪಿಯನ್ನು ಆಶ್ರಯಿಸಿದ್ದೇ ಅವನ ಅಂತಸ್ಸಾಕ್ಷಿಗೆ ಹಿಡಿದ ಕನ್ನಡಿ.

1482ರಲ್ಲಿ ವೆನಿಸ್ ಫೆರಾರಾ ರಾಜ್ಯದ ಮೇಲೆ ದಂಡೆತ್ತಿತು. ಫೆರಾರಾದ ರಕ್ಷಣೆಗೆ ನಿಂತ ಮಿತ್ರಕೂಟದ ಸೇನಾಧಿಪತ್ಯವನ್ನು ಅರುವತ್ತರ ಫೆಡೆರಿಕೊ ವಹಿಸಿದನು. ಪೊ ನದಿಯ ಜೌಗುಭೂಮಿಯಲ್ಲಿ ಸೈನ್ಯಕ್ಕೆ ಜ್ವರ ತಗುಲಿತು. ಅದೇ ಜ್ವರದಿಂದ ಸೆಪ್ಟೆಂಬರ್ 10ರಂದು ಅವನು ಫೆರಾರಾದಲ್ಲಿ ತೀರಿಕೊಂಡನು. ಅಂದೇ ರೋಮಿನಲ್ಲಿ, ಆ ಯುದ್ಧದ ಎದುರು ಪಕ್ಷದಲ್ಲಿದ್ದ ಅಳಿಯ ರೊಬೆರ್ಟೊ ಮಲಟೆಸ್ಟಾನೂ ತೀರಿಕೊಂಡನು. ಒಂದೇ ದಿನ ಒಬ್ಬ ಮಗಳು ತಂದೆಯನ್ನೂ ಪತಿಯನ್ನೂ ಕಳೆದುಕೊಂಡಳು.

ಚಿತ್ರದಲ್ಲಿ ತಂದೆಯ ಮೊಣಕಾಲಿನ ಬಳಿ ನಿಂತಿದ್ದ ಬಾಲಕ ಗುಯಿಡೊಬಾಲ್ಡೊ ಹತ್ತನೆಯ ವಯಸ್ಸಿನಲ್ಲಿ ಡ್ಯೂಕನಾದನು. 1502ರ ಜೂನ್ ತಿಂಗಳಲ್ಲಿ ಪೋಪ್ ಆರನೆಯ ಅಲೆಕ್ಸಾಂಡರನ ಮಗನಾದ ಚೆಸರೆ ಬೋರ್ಜಿಯಾ ಸ್ನೇಹವನ್ನು ನಟಿಸಿ, ಬೇರೊಂದು ನಗರದ ಮುತ್ತಿಗೆಗೆಂದು ಉರ್ಬಿನೊದ ಫಿರಂಗಿಗಳನ್ನೇ ಎರವಲು ಕೇಳಿ, ಬಳಿಕ ಉರ್ಬಿನೊದ ಮೇಲೆಯೇ ಎರಗಿದನು. ಗುಯಿಡೊಬಾಲ್ಡೊ ರಾತ್ರಿಯಲ್ಲಿ ಪಲಾಯನ ಮಾಡಬೇಕಾಯಿತು. ತಂದೆಯು ನಲವತ್ತು ವರ್ಷ ಕತ್ತಿ ಹಿಡಿದು ಗಳಿಸಿದ ಭಂಡಾರವು ಹೇಸರಗತ್ತೆಗಳ ಮೇಲೆ ಹೊರಟುಹೋಯಿತು. ಕೋಟೆಗಳಲ್ಲಿ ಒಂದೂ ಅವನನ್ನು ಕಾಯಲಿಲ್ಲ. ಕಾದವರು ಪ್ರಜೆಗಳು. ಅದೇ ವರ್ಷದ ಅಕ್ಟೋಬರಿನಲ್ಲಿ ಅವರು ಬೋರ್ಜಿಯಾನ ವಿರುದ್ಧ ತಾವಾಗಿಯೇ ಬಂಡೆದ್ದು ತಮ್ಮ ಹಳೆಯ ದೊರೆಯನ್ನು ಬರಮಾಡಿಕೊಂಡರು. ಮತ್ತೊಮ್ಮೆ ಹೊರಹೋಗಬೇಕಾಗಿ ಬಂದರೂ, 1503ರಲ್ಲಿ ಪೋಪನು ಸತ್ತೊಡನೆ ಗುಯಿಡೊಬಾಲ್ಡೊ ಸ್ಥಿರವಾಗಿ ಹಿಂದಿರುಗಿದನು. ರಾಜ್ಯಕ್ಕೆ ಮರಳಿ ಬಂದ ಆ ಮಗನು ಅಲ್ಲಿನ ಕೋಟೆಗಳನ್ನು ಬುಡಸಹಿತ ಕೆಡವಿಸಿದನೆಂದು ಮಾಕಿಯವೆಲ್ಲಿ ಬರೆಯುತ್ತಾನೆ. ಕೋಟೆಗಳಿಲ್ಲದಿದ್ದರೆ ರಾಜ್ಯವನ್ನು ಮತ್ತೆ ಕಳೆದುಕೊಳ್ಳುವುದು ಕಷ್ಟವೆಂದು ಅವನು ಭಾವಿಸಿದನಂತೆ. ಪ್ರಜೆಗಳ ದ್ವೇಷಕ್ಕೆ ಪಾತ್ರನಾಗದಿರುವುದೇ ಅತ್ಯುತ್ತಮವಾದ ಕೋಟೆ ಎಂಬುದು ಅಲ್ಲಿ ಆ ನಿಷ್ಠುರ ರಾಜನೀತಿಜ್ಞನು ತಲುಪುವ ನಿರ್ಣಯ.

ಫೆಡೆರಿಕೊ ಗಳಿಸಿದುದರಲ್ಲಿ ಯಾವುದು ಉಳಿಯಿತು? ಯುದ್ಧದ ಹಣವು ಲೂಟಿಯಾಯಿತು, ಕೋಟೆಗಳು ನೆಲಸಮವಾದವು, 1631ರಲ್ಲಿ ರಾಜ್ಯವೂ ಪೋಪನ ಆಡಳಿತದಲ್ಲಿ ಲೀನವಾಯಿತು. ಗ್ರಂಥಭಂಡಾರವು 1657ರಲ್ಲಿ ವ್ಯಾಟಿಕನ್ನನ್ನು ಸೇರಿ ಇಂದಿಗೂ ವಿದ್ವಾಂಸರಿಗೆ ಉಪಯುಕ್ತವಾಗಿದೆ. ವೋಲ್ಟೆರ್ರಾದ ಹೀಬ್ರೂ ಗ್ರಂಥವೂ ಅದರ ಜೊತೆಗೇ ಇದ್ದು ತನ್ನ ಮೂಲವನ್ನು ಮರೆಯಗೊಡದು. ನಿಜವಾಗಿ ರಾಜ್ಯವನ್ನು ಉಳಿಸಿದುದು 1444ರಲ್ಲಿ ನಗರದ ಬಾಗಿಲಲ್ಲಿ ಕೊಟ್ಟ ವಚನ ಮತ್ತು ಅದನ್ನು ನಡೆಸಿಕೊಂಡ ವರ್ಷಗಳು. ತನ್ನವರಿಗೆ ಕೊಟ್ಟ ಮಾತನ್ನು ಅವನು ಪಾಲಿಸಿದನು. ವೋಲ್ಟೆರ್ರಾದವರಿಗೆ ದೊರೆತ ಅಭಯವು ಪಾಲನೆಯಾಗಲಿಲ್ಲ. ತನ್ನ ಮನೆಯ ಶಾಂತಿಗಾಗಿ ನೆರೆಮನೆಗೆ ಬೆಂಕಿಯನ್ನು ಒದಗಿಸುವವನು ಎಷ್ಟೇ ಸಜ್ಜನನಾದರೂ ಅರ್ಧ ಸಜ್ಜನನು ಮಾತ್ರ. ಸಂಸಾರವನ್ನಾಗಲಿ ಸಂಸ್ಥೆಯನ್ನಾಗಲಿ ಕಾಪಾಡುವ ಹೊಣೆ ಹೊತ್ತವರು ಆ ಚಿತ್ರದ ಮುಂದೆ ಒಂದು ಕ್ಷಣ ನಿಂತು, ನಾವು ನಮ್ಮವರಿಗಾಗಿ ಕಟ್ಟುತ್ತಿರುವುದರ ಬೆಲೆಯನ್ನು ಯಾರು ತೆರುತ್ತಿದ್ದಾರೆ ಎಂದು ಕೇಳಿಕೊಳ್ಳುವುದು ಒಳಿತು.